ಕುಂಬಾರನ ವರುಷ

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಟ್ಟುವುದು ಕಷ್ಟ, ಕೆಡಹುವುದು ಸುಲಭ ಎಂಬ ಅರ್ಥದಲ್ಲಿ ಅದನ್ನು ಬಳಸುವುದು ರೂಢಿ. ಆದರೆ ಕುಂಬಾರನ ವರುಷವನ್ನು ಹಾಳುಮಾಡಲು ದೊಣ್ಣೆಯೇ ಬೇಕೆಂದಿಲ್ಲ. ಮಡಕೆಯ ಹಿಂದಿರುವ ಶ್ರಮವನ್ನು ಲೆಕ್ಕಕ್ಕೆ ಹಿಡಿಯದೆ ಕಟ್ಟಿದ ಬೆಲೆಯೂ ಆ ಕೆಲಸವನ್ನು ಮಾಡಬಲ್ಲದು. ಅಂಥ ಬೆಲೆ ಕೊಳ್ಳುವವನ ಬಾಯಿಂದಲೇ ಬರುತ್ತದೆಂದು ಹೇಳುವಂತಿಲ್ಲ. ಎಷ್ಟೋ ವೇಳೆ ಕುಂಬಾರನೇ ತನ್ನ ದುಡಿಮೆಗೆ ಅದನ್ನು ಕಟ್ಟಿಕೊಳ್ಳುತ್ತಾನೆ.

ತಲೆಮಾರುಗಳಿಂದ ಬಂದ ಕುಲಕಸುಬಾಗಿ ಮಡಕೆ ಮಾಡುವವರು ನಮ್ಮ ಹಳ್ಳಿಗಳಲ್ಲಿದ್ದಾರೆ. ಇವರಲ್ಲದೆ, ಈ ಕಲೆಯನ್ನು ಇಷ್ಟಪಟ್ಟು ಕಲಿತು, ಒಂದು ತಿಗರಿ ಮತ್ತು ಒಂದು ಆವಿಗೆಯನ್ನು ಇಟ್ಟುಕೊಂಡು, ಚಿಕ್ಕ ಕಾರ್ಯಶಾಲೆಯಲ್ಲಿ ಬಟ್ಟಲು, ತಟ್ಟೆ, ಹೂಜಿಗಳನ್ನು ಮಾಡಿ ಜೀವಿಸುವವರೂ ಇಂದು ಇದ್ದಾರೆ. ಇವರ ಮುಂದೆ ಎರಡು ಪ್ರಶ್ನೆಗಳಿವೆ. ಕೈಯ ಕುಶಲತೆಯನ್ನು ಸಂಪಾದಿಸುವುದು ಹೇಗೆ? ಮಾಡಿದುದನ್ನು ಮಾರುವುದು ಹೇಗೆ? ಮೊದಲನೆಯದು ಕಲೆಗೆ ಸೇರಿದುದು, ಎರಡನೆಯದು ವ್ಯಾಪಾರಕ್ಕೆ ಸೇರಿದುದು, ಒಂದಕ್ಕೂ ಮತ್ತೊಂದಕ್ಕೂ ಸಂಬಂಧವಿಲ್ಲ ಎಂಬ ಭಾವನೆ ಹಲವರಲ್ಲಿದೆ. ಇದು ಸರಿಯಾದ ಭಾವನೆಯಲ್ಲ. ಇವೆರಡೂ ಒಂದೇ ವಿದ್ಯೆಯ ಎರಡು ಮುಖಗಳು.

ಕುಂಬಾರಿಕೆಯಲ್ಲಿ ಅವಸರಕ್ಕೆ ಎಡೆಯಿಲ್ಲ. ಜೇಡಿಮಣ್ಣನ್ನು ಸೋಸಿ, ನಾದಿ, ಅದರೊಳಗಿನ ಗಾಳಿಯನ್ನು ಹೊರಡಿಸಬೇಕು. ಒಂದು ಸುಣ್ಣದ ಹರಳು ಉಳಿದುಕೊಂಡರೂ, ಬೆಂದ ಪಾತ್ರೆ ಕೆಲವು ದಿನಗಳ ಮೇಲೆ ಗಾಳಿಯ ತೇವವನ್ನು ಹೀರಿ ಅಲ್ಲಿಂದ ಚಕ್ಕೆ ಏಳುತ್ತದೆ. ತಿರುಗುವ ತಿಗರಿಯ ನಡುವೆ ಮಣ್ಣಿನ ಮುದ್ದೆಯನ್ನು ಅಲುಗದಂತೆ ನಿಲ್ಲಿಸುವುದನ್ನು ಕಲಿಯುವುದಕ್ಕೇ ಹೊಸಬನಿಗೆ ವಾರಗಳು ಹಿಡಿಯುತ್ತವೆ. ಒಣಗಿ ಬೇಯುವಾಗ ಮಣ್ಣು ಸುಮಾರು ಹತ್ತರಲ್ಲಿ ಒಂದು ಪಾಲು ಕುಗ್ಗುವುದರಿಂದ, ಆ ಕುಗ್ಗನ್ನು ಮೊದಲೇ ಊಹಿಸಿ ಅಳತೆಯನ್ನು ಹೆಚ್ಚಿಸಿಕೊಳ್ಳಬೇಕು. ಕಲ್ಲಿನಂತೆ ಗಟ್ಟಿಯಾಗಬೇಕಾದ ಪಾತ್ರೆಗೆ ಸುಮಾರು 1,250ರಿಂದ 1,300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆವಿಗೆ ಆರುವ ಮೊದಲೇ ಆತುರದಿಂದ ಬಾಗಿಲು ತೆರೆದರೆ ವಾರಗಳ ದುಡಿಮೆ ಬಿರುಕು ಬಿಡುತ್ತದೆ. ಇದನ್ನೆಲ್ಲ ಪುಸ್ತಕದಿಂದ ತಿಳಿಯಬಹುದು. ಆದರೆ ಕೈಗೆ ತಿಳಿಯಬೇಕಾದರೆ ಒಂದೇ ಬಟ್ಟಲನ್ನು ನೂರು ಸಲ ಮಾಡಬೇಕು. ಆ ನೂರು ಬಟ್ಟಲುಗಳು ಮಾರಾಟವಾಗದಿದ್ದರೆ ಮುಂದಿನ ನೂರಕ್ಕೆ ಮಣ್ಣೆಲ್ಲಿ, ಸೌದೆಯೆಲ್ಲಿ?

ಈ ಮಾತಿಗೆ ಬರ್ನಾರ್ಡ್ ಲೀಚ್ ಎಂಬ ಆಂಗ್ಲ ಕುಂಬಾರನ ಕಾರ್ಯಶಾಲೆಯೇ ಒಳ್ಳೆಯ ನಿದರ್ಶನ. ಜಪಾನಿನಲ್ಲಿ ಈ ಕಲೆಯನ್ನು ಕಲಿತ ಲೀಚ್, 1920ರಲ್ಲಿ ತನ್ನ ಗೆಳೆಯ ಶೋಜಿ ಹಮಾದಾನೊಡನೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಸೇಂಟ್ ಐವ್ಸ್ ಎಂಬ ಕಡಲತೀರದ ಊರಿನಲ್ಲಿ ಕಾರ್ಯಶಾಲೆಯನ್ನು ಸ್ಥಾಪಿಸಿದನು. ಅಲ್ಲಿ ಸೌದೆ ದುರ್ಲಭವಾಗಿತ್ತು. ಒಳ್ಳೆಯ ಮಣ್ಣಿಗೂ ಕೊರತೆಯಿತ್ತು. ಆವಿಗೆಯಲ್ಲಿ ಇಟ್ಟುದರಲ್ಲಿ ಬಹುಭಾಗ ಹಾಳಾಗುತ್ತಿತ್ತು. ಪ್ರದರ್ಶನಗಳಲ್ಲಿ ಮೆಚ್ಚುಗೆ ದೊರೆತರೂ ಮೆಚ್ಚುಗೆಯಿಂದ ಕಾರ್ಯಶಾಲೆ ನಡೆಯಲಾರದು. ಅನೇಕ ವರ್ಷಗಳ ಕಾಲ ಅದು ಸಂಕಷ್ಟದಲ್ಲಿಯೇ ನಡೆಯಿತು. ಲೀಚನ ಮಗ ಡೇವಿಡ್, ತಾಂತ್ರಿಕ ಶಿಕ್ಷಣವನ್ನು ಪಡೆದು ಬಂದು, ಮಣ್ಣಿನ ಮಿಶ್ರಣವನ್ನೂ ಆವಿಗೆಯ ಇಂಧನವನ್ನೂ ಬದಲಾಯಿಸಿದ ಮೇಲೆ ಪರಿಸ್ಥಿತಿ ಸುಧಾರಿಸತೊಡಗಿತು. ಕೆಲವೇ ಶ್ರೀಮಂತರು ಕೊಳ್ಳುವ ಅಪೂರ್ವ ಕಲಶಗಳ ಜೊತೆಗೆ, ಸಾಧಾರಣ ಮನೆಯವರು ದಿನವೂ ಬಳಸುವ ಬಟ್ಟಲು, ಹೂಜಿ, ತಟ್ಟೆಗಳನ್ನು ಗೊತ್ತಾದ ಆಕಾರ, ಗೊತ್ತಾದ ಬೆಲೆಗಳಲ್ಲಿ ಮಾಡಿ, ಪಟ್ಟಿಯನ್ನು ಅಚ್ಚು ಹಾಕಿಸಿ ಮಾರುವ ಏರ್ಪಾಡು ಬೆಳೆಯಿತು. ಕಾರ್ಯಶಾಲೆಯನ್ನು ಉಳಿಸಿದ್ದು ಈ ನಿತ್ಯೋಪಯೋಗಿ ಪಾತ್ರೆಗಳೇ.

ಅವು ಹಣವನ್ನಷ್ಟೇ ತರಲಿಲ್ಲ. ಕಲಿಯುವವರಿಗೆ ಗುರುವೂ ಆದವು. 1938ರಲ್ಲಿ ಅಲ್ಲಿ ಸೇರಿದ ವಿಲಿಯಂ ಮಾರ್ಷಲ್ ಎಂಬ ಸ್ಥಳೀಯ ಹುಡುಗ ಅದೇ ಆಕಾರಗಳನ್ನು ಮತ್ತೆ ಮತ್ತೆ ಮಾಡುತ್ತ ನುರಿತು, ಕಾರ್ಯಶಾಲೆಯ ಮೇಲ್ವಿಚಾರಕನಾಗಿ, ಮುಂದೆ ಸ್ವತಂತ್ರವಾಗಿ ನಿಂತು ಹೆಸರು ಪಡೆದನು. ಮಾಡಿದುದನ್ನೇ ಮಾಡುತ್ತಿದ್ದರೆ ಕೈ ಯಂತ್ರವಾಗುವುದಿಲ್ಲವೇ ಎಂಬ ಆಕ್ಷೇಪಣೆ ಇಲ್ಲಿ ಏಳಬಹುದು. ಮನಸ್ಸು ಹೊರಗಿದ್ದರೆ ಆಗುತ್ತದೆ, ನಿಜ. ಮನಸ್ಸು ಕೆಲಸದಲ್ಲಿದ್ದರೆ ಪುನರಾವರ್ತನೆಯೇ ಸ್ವಾತಂತ್ರ್ಯಕ್ಕೆ ದಾರಿಯಾಗುತ್ತದೆ. ಜಪಾನಿಗೆ ಹಿಂದಿರುಗಿ ಮಾಶಿಕೊ ಎಂಬ ಹಳ್ಳಿಯಲ್ಲಿ ನೆಲೆಸಿದ ಹಮಾದಾ, ಸೌಟಿನಿಂದ ಕ್ಷಣಮಾತ್ರದಲ್ಲಿ ಪಾತ್ರೆಯ ಮೇಲೆ ಮೆರುಗನ್ನು ಸುರಿದು ಚಿತ್ರಿಸುತ್ತಿದ್ದುದನ್ನು ಕಂಡವರು ಬೆರಗಾಗುತ್ತಿದ್ದರು. ಅದಕ್ಕೆ ಹಿಡಿದ ಕಾಲ ಹದಿನೈದು ಸೆಕೆಂಡುಗಳಲ್ಲ, ಅದರ ಜೊತೆಗೆ ಅರವತ್ತು ವರ್ಷಗಳೂ ಉಂಟು ಎಂದು ಆತ ಹೇಳಿದನೆಂಬುದು ಪ್ರಸಿದ್ಧವಾಗಿದೆ. ನಮ್ಮ ಗಾದೆ ಹೇಳುವ ವರುಷವೂ ಇದೇ.

ಹಾಗಾದರೆ ಈ ವರುಷಕ್ಕೆ ಬೆಲೆ ಕಟ್ಟುವುದು ಹೇಗೆ? ಒಬ್ಬ ಕುಂಬಾರ ನೂರು ಬಟ್ಟಲು ಮಾಡಲು ಮಣ್ಣು, ಮೆರುಗು, ಇಂಧನ, ಬಾಡಿಗೆ ಮತ್ತು ತನ್ನ ಕೂಲಿ ಸೇರಿ 8,500 ರೂಪಾಯಿ ವೆಚ್ಚ ಮಾಡಿದನೆಂದು ಇಟ್ಟುಕೊಂಡರೆ, ಬಟ್ಟಲೊಂದಕ್ಕೆ 85 ರೂಪಾಯಿ ಎಂದು ತೋರುತ್ತದೆ. ಆದರೆ ಬೇಯುವಾಗ ಹದಿನೈದು ಬಟ್ಟಲುಗಳು ಸೀಳಿದವೆಂದರೆ, ಉಳಿದ 85 ಬಟ್ಟಲುಗಳು ನೂರರ ಹೊರೆಯನ್ನು ಹೊರಬೇಕು. ಒಂದಕ್ಕೆ 100 ರೂಪಾಯಿ ಬೀಳುತ್ತದೆ. ಮಾರಿಕೊಡುವ ಅಂಗಡಿಯವನು ಬೆಲೆಯ ಮೂರನೆಯ ಒಂದು ಪಾಲನ್ನು ಇರಿಸಿಕೊಳ್ಳುವುದಾದರೆ, 150 ರೂಪಾಯಿಗೆ ಮಾರಿದಾಗ ಮಾತ್ರ ಅವನ 100 ರೂಪಾಯಿ ಅವನ ಕೈಸೇರುತ್ತದೆ. ಈ ಲೆಕ್ಕವನ್ನು ಮಾಡದೆ ಸಂಕೋಚದಿಂದ 80 ರೂಪಾಯಿಗೆ ಮಾರುವವನು ಉದಾರಿಯಲ್ಲ. ತನ್ನ ಅನ್ನವನ್ನು ಕಳೆದುಕೊಳ್ಳುವುದರೊಡನೆ, ನ್ಯಾಯವಾದ ಬೆಲೆ ಕೇಳುವ ಪಕ್ಕದ ಕುಂಬಾರನ ಅನ್ನಕ್ಕೂ ಆತ ಕಲ್ಲು ಹಾಕುತ್ತಾನೆ. ಕಾರ್ಖಾನೆಯ ಬಟ್ಟಲಿನೊಡನೆ ಅಗ್ಗದಲ್ಲಿ ಸ್ಪರ್ಧಿಸುವುದು ಕೈಕೆಲಸಕ್ಕೆ ಎಂದಿಗೂ ಸಾಧ್ಯವಿಲ್ಲ, ಗುಣದಲ್ಲಿ ಸ್ಪರ್ಧಿಸಬಹುದು.

ಗುಣವನ್ನು ಹೆಚ್ಚಿಸುವುದರಲ್ಲಿಯೂ ಮಾರಾಟ ನೆರವಾಗುತ್ತದೆ. ಹೂಜಿಯ ಮೂತಿಯಿಂದ ನೀರು ತೊಟ್ಟಿಕ್ಕುತ್ತದೆಂದು, ಬಟ್ಟಲಿನ ಹಿಡಿ ಬೆರಳಿಗೆ ಸಾಲದೆಂದು ಮೊದಲು ಹೇಳುವವರು ಅದನ್ನು ದಿನವೂ ಬಳಸುವ ಗೃಹಿಣಿಯರು. ಆ ಮಾತನ್ನು ಕೇಳಿ ತಿದ್ದಿಕೊಂಡ ಕುಂಬಾರನ ಮುಂದಿನ ಹೂಜಿ ಉತ್ತಮವಾಗುತ್ತದೆ. ಹೊಗಳಿಕೆಗಿಂತ ಇಂಥ ದೂರು ಹೆಚ್ಚು ಬೆಲೆಯುಳ್ಳದ್ದು. ಆದರೆ ಕೊಳ್ಳುವವರ ಮನಸ್ಸನ್ನು ಒಲಿಸಿಕೊಳ್ಳುವುದಕ್ಕಾಗಿಯೇ ದಿನಕ್ಕೊಂದು ಸೋಗು ಹಾಕುವುದು ಸಲ್ಲದು. ಸಂತೆಯ ಮಾತನ್ನು ಕೇಳಬೇಕು, ಸಂತೆಯ ಗುಲಾಮನಾಗಬಾರದು.

ನಮ್ಮ ದೇಶದಲ್ಲಿಯೂ ಈ ಹಾದಿಯಲ್ಲಿ ನಡೆದವರಿದ್ದಾರೆ. ಜಪಾನಿನಲ್ಲಿ ಈ ವಿದ್ಯೆಯನ್ನು ಅಭ್ಯಾಸ ಮಾಡಿ ಬಂದ ಸರದಾರ್ ಗುರುಚರಣ್ ಸಿಂಗರು 1952ರಲ್ಲಿ ದೆಹಲಿಯಲ್ಲಿ ಕಾರ್ಯಶಾಲೆಯನ್ನು ತೆರೆದರು. 1971ರಲ್ಲಿ ಪಾಂಡಿಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ಆರಂಭಿಸಿದ 'ಗೋಲ್ಡನ್ ಬ್ರಿಜ್' ಕಾರ್ಯಶಾಲೆ, ಊಟದ ತಟ್ಟೆ ಬಟ್ಟಲುಗಳನ್ನು ಮಾಡಿ ಮಾರುತ್ತಲೇ ಅನೇಕ ಕಲಾವಿದರನ್ನು ತರಬೇತಿಗೊಳಿಸಿತು. ನಮ್ಮ ನಾಡಿನ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿಯೂ ಗ್ರಾಮೀಣ ಕುಂಬಾರಿಕೆಯ ಕೇಂದ್ರೀಯ ತರಬೇತಿ ಸಂಸ್ಥೆಯೊಂದಿದೆ. ಇನ್ನು ಶರಣ ಕುಂಬಾರ ಗುಂಡಯ್ಯ ಮಡಕೆಯನ್ನು ಬಡಿಯುವ ನಾದಕ್ಕೆ ಶಿವನೇ ಕುಣಿದನೆಂಬ ಕಥೆಯನ್ನು ಹರಿಹರ ಕವಿ ರಗಳೆಯಾಗಿ ಹಾಡಿದ್ದಾನೆ. ಶಿವನನ್ನು ಕುಣಿಸಿದ್ದು ಪೂಜೆಯ ಗಂಟೆಯಲ್ಲ, ಕಾಯಕದ ಸದ್ದು ಎಂಬುದು ಗಮನಾರ್ಹ.

ಕಾಯಕವನ್ನು ಇಷ್ಟು ಎತ್ತರದಲ್ಲಿಟ್ಟ ನಾಡಿನಲ್ಲಿ, ಆ ಕಾಯಕಕ್ಕೆ ತಕ್ಕ ಬೆಲೆಯನ್ನು ಕೇಳುವುದು ನಾಚಿಕೆಯ ವಿಷಯವಾಗಬಾರದು. ಕೊಡುವುದು ಭಾರವೂ ಆಗಬಾರದು. ಕುಂಬಾರನು ತನ್ನ ಕೈಯನ್ನೂ ತನ್ನ ಲೆಕ್ಕವನ್ನೂ ಸಮನಾಗಿ ತಿದ್ದಿಕೊಳ್ಳಲಿ. ಕೊಳ್ಳುವವನು ಬಟ್ಟಲನ್ನು ಬೆರಳಿನಿಂದ ತಟ್ಟಿ ಅದರ ನಾದವನ್ನು ಕೇಳುವಾಗ, ಅದರೊಳಗಿರುವ ವರುಷವನ್ನೂ ಒಂದು ನಿಮಿಷ ನೆನೆಯಲಿ.