ಚಿತ್ರದ ತಾಸು ವ್ಯರ್ಥವಾದ ತಾಸಲ್ಲ



“ಚಿತ್ರ ತೆಗೆದರೆ ಮಾರ್ಕು ಬರುವವೇನು?” ಎಂಬ ಪ್ರಶ್ನೆಯು ಪಾಲಕರ ಬಾಯಿಂದ ಹಲವು ಸಾರೆ ಕೇಳಬರುತ್ತದೆ. ಹತ್ತನೆಯ ಇಯತ್ತೆಯ ಪರೀಕ್ಷೆಯ ಮೊತ್ತದಲ್ಲಿ ಚಿತ್ರಕಲೆಗೆ ಸ್ಥಾನವಿಲ್ಲವೆಂಬುದು ನಿಜ. ಆದಕಾರಣ ಪರೀಕ್ಷೆಯು ಸಮೀಪಿಸಿತೆಂದರೆ ಅನೇಕ ಶಾಲೆಗಳಲ್ಲಿ ಮೊದಲು ಬಲಿಯಾಗುವದು ಚಿತ್ರದ ತಾಸೇ. ಹೆಣ್ಣುಮಕ್ಕಳ ವಿಷಯದಲ್ಲಂತೂ, ಕೊಟ್ಟ ಮನೆಗೆ ಹೋಗುವವಳಿಗೆ ರಂಗೋಲಿ ಬಂದರೆ ಸಾಕು ಎಂಬ ಇನ್ನೊಂದು ಮಾತೂ ಕೂಡಿಕೊಳ್ಳುತ್ತದೆ. ಈ ಎರಡೂ ವಿಚಾರಗಳು ನಮ್ಮ ಮಕ್ಕಳಿಗೆ ಹಾನಿಯನ್ನುಂಟುಮಾಡುತ್ತಿವೆಯೆಂದು ವಿನಯಪೂರ್ವಕವಾಗಿ ಹೇಳಬಯಸುತ್ತೇನೆ.

ರಂಗೋಲಿ ಸಾಕೆನ್ನುವವರು ರಂಗೋಲಿಯಲ್ಲಿ ಏನಡಗಿದೆಯೆಂಬುದನ್ನು ನೋಡಿದವರಲ್ಲ. ನಡುವಿನ ಸಾಲಿನಲ್ಲಿ 7 ಚುಕ್ಕಿಗಳನ್ನಿಟ್ಟು, ಮೇಲಕ್ಕೂ ಕೆಳಕ್ಕೂ ಒಂದೊಂದು ಕಡಿಮೆ ಮಾಡುತ್ತ 4ಕ್ಕೆ ನಿಲ್ಲಿಸಿದರೆ ಒಟ್ಟು 37 ಚುಕ್ಕಿಗಳಾಗಿ, ಆರು ಮೂಲೆಗಳ ಆಕೃತಿಯು ನೆಲದ ಮೇಲೆ ಮೂಡುವದು. ಭೂಮಿತಿಯೆಂದರೆ ಅಂಜುವ ಹುಡುಗಿಯೇ ನಸುಕಿನಲ್ಲಿ ಅಂಗಳದೊಳಗೆ ಷಟ್ಕೋನವನ್ನು ತಪ್ಪಿಲ್ಲದೆ ಬರೆದು ಶಾಲೆಗೆ ಬರುತ್ತಾಳೆ. ಇವೆರಡೂ ಒಂದೇ ವಿದ್ಯೆಯೆಂದು ಅವಳಿಗೆ ತಿಳಿಸಿಕೊಡುವ ಸ್ಥಳವೇ ಚಿತ್ರದ ವರ್ಗ. ಕಸೂತಿಯೂ ಹಾಗೆಯೇ. ಅದರಲ್ಲಿ ಬಟ್ಟೆಯ ಮೇಲೆ ಮೊದಲು ಗೆರೆ ಎಳೆಯುವ ಪದ್ಧತಿಯಿಲ್ಲ. ಎಳೆಗಳನ್ನು ಎಣಿಸಿಯೇ ಗೋಪುರ, ತೇರು, ಆನೆ, ನವಿಲುಗಳನ್ನು ಎತ್ತಬೇಕು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಎಡೆಯನ್ನು ಬರುವಾಗ ತುಂಬಬೇಕಾದದ್ದರಿಂದ ದಾರದ ದಾರಿಯನ್ನೆಲ್ಲ ಮುಂಚಿತವಾಗಿ ಮನಸ್ಸಿನಲ್ಲಿ ಯೋಚಿಸಿಡಬೇಕಾಗುತ್ತದೆ. ಆಗಲೇ ಬಟ್ಟೆಯ ಎರಡೂ ಬದಿಗಳು ಒಂದೇ ಸಮನಾಗಿ ಕಾಣುವವು. ಇಂಥ ಬುದ್ಧಿಯ ಕೆಲಸವನ್ನು ಕೇವಲ ಕೈಕೆಲಸವೆಂದು ಕರೆಯುವದು ನಮ್ಮ ಅಜ್ಜಿಯಂದಿರಿಗೆ ಮಾಡಿದ ಅನ್ಯಾಯವು.

ಚಿತ್ರದ ಎರಡನೆಯ ಉಪಕಾರವು ಕಣ್ಣಿಗೆ ಸಂಬಂಧಿಸಿದ್ದು. ಸವಣೂರಿನ ಮಠದ ಆವರಣದಲ್ಲಿರುವ ಆಫ್ರಿಕಾ ಮೂಲದ ಮಹಾವೃಕ್ಷಗಳನ್ನು ಜನರು ದೊಡ್ಡಹುಣಸೆಯೆಂದು ಕರೆಯುತ್ತಾರೆ. ಹೆಸರನ್ನು ಕೇಳಿದ ವಿದ್ಯಾರ್ಥಿನಿಯು ಅದನ್ನು ಹುಣಸೆಯೆಂದೇ ನಂಬುವಳು. ಆದರೆ ಅದರ ಎಲೆಯನ್ನು ಎದುರಿಗಿಟ್ಟುಕೊಂಡು ಬರೆದವಳು, ಹುಣಸೆಯ ಕಿರಿದೆಲೆಗಳಂತೆ ಅದು ಸಾಲುಗೂಡಿಲ್ಲ, ಅಂಗೈಯ ಬೆರಳುಗಳಂತೆ ಹರಡಿದೆ ಎಂದು ಥಟ್ಟನೆ ಕಾಣುವಳು. ಹೇಳಿದ್ದನ್ನು ಕೇಳುವದಕ್ಕೂ ತಾನೇ ಕಾಣುವದಕ್ಕೂ ಇಷ್ಟು ಅಂತರ! ಹೆಣ್ಣುಮಗಳು ತನ್ನ ಕಣ್ಣನ್ನು ತಾನು ನಂಬಲು ಕಲಿಯುವದು ಸಣ್ಣ ಲಾಭವೇ?

ಆದರೆ ಅಚ್ಚಿನ ಚಿತ್ರವನ್ನು ನಕಲು ಮಾಡಿಸುವದರಿಂದ ಈ ಲಾಭವು ದೊರೆಯದು. ಕಂಡರಿಯದ ಹಿಮಪರ್ವತವನ್ನೂ ಅದರ ಹಿಂದಿನ ಸೂರ್ಯನನ್ನೂ ಮಕ್ಕಳು ವರುಷವರುಷವೂ ಬರೆಯುತ್ತಿದ್ದಾರೆ. ವಿಯೆನ್ನಾ ನಗರದಲ್ಲಿ ಫ್ರಾಂತ್ಸ್ ಚಿಜೆಕ್ ಎಂಬವರು 1897ರಲ್ಲಿ ಮಕ್ಕಳ ಚಿತ್ರವರ್ಗವನ್ನು ತೆರೆದು, ನಕಲನ್ನು ಬಿಡಿಸಿ ಸ್ವಂತ ಕಲ್ಪನೆಗೆ ಎಡೆಗೊಟ್ಟರು. ನಮ್ಮಲ್ಲಿ ಅದಕ್ಕೆ ಸಾಮಗ್ರಿಯ ಬಡತನವಿಲ್ಲ. ಹಾನಗಲ್ಲಿನ ತಾರಕೇಶ್ವರ ಗುಡಿಯ ಛತ್ತಿನಲ್ಲಿ ಚಾಲುಕ್ಯರ ಕಾಲದ ಶಿಲ್ಪಿಗಳು ವರ್ತುಲದೊಳಗೆ ವರ್ತುಲವನ್ನಿಟ್ಟು ಕಲ್ಲಿನ ಕಮಲವನ್ನು ಅರಳಿಸಿದ್ದಾರೆ. ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ ಏಕಾಂತದ ರಾಮಯ್ಯನ ಕಥೆಯು ಶಿಲ್ಪಪಟ್ಟಿಕೆಗಳಲ್ಲಿ ನಿಂತಿದೆ. ಶಿಗ್ಗಾಂವಿಯ ಹತ್ತಿರ ಗೊಟಗೋಡಿಯಲ್ಲಿ, 2020ರಲ್ಲಿ ನಿಧನರಾದ ಕಲಾವಿದ ಟಿ. ಬಿ. ಸೊಲಬಕ್ಕನವರು ನಮ್ಮ ಹಳ್ಳಿಯ ಬಾಳುವೆಯನ್ನೇ ಮೂರ್ತಿಗಳಾಗಿ ನಿಲ್ಲಿಸಿದ್ದಾರೆ. ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರು 1935ರಲ್ಲಿ ಚಿತ್ರಕಲಾಶಾಲೆಯನ್ನು ಸ್ಥಾಪಿಸಿ ಈ ಸೀಮೆಯ ಮಕ್ಕಳಿಗೆ ದಾರಿ ತೋರಿದರು. ಇವೆಲ್ಲ ಒಂದು ದಿನದ ಪ್ರವಾಸದ ಅಳತೆಯಲ್ಲಿವೆ. ಸಹಲಿಗೆ ಹೋದ ಮಕ್ಕಳ ಕೈಯಲ್ಲಿ ಕಾಗದ ಪೆನ್ಸಿಲುಗಳಿರಬೇಕು, ಅಷ್ಟೇ.

ಬಡವರಿಗೆ ಬಣ್ಣದ ಖರ್ಚು ಹೇಗೆ ಸಾಗೀತು ಎಂದು ಕೆಲವರು ಕೇಳುವರು. ಇದ್ದಲಿ, ಕೆಮ್ಮಣ್ಣು, ಸುಣ್ಣ, ಅರಿಸಿನಗಳಿಂದ ಆರಂಭಿಸಲು ಯಾವ ಅಡ್ಡಿಯೂ ಇಲ್ಲ. ಪ್ರತಿಭಾ ಕಾರಂಜಿಯಲ್ಲಿ ಚಿತ್ರ, ರಂಗೋಲಿಗಳ ಸ್ಪರ್ಧೆಗಳಿವೆಯಲ್ಲವೇ ಎಂದು ಬೇರೆ ಕೆಲವರು ಹೇಳುವರು. ಅವು ಒಳ್ಳೆಯವೇ, ಆದರೆ ವರುಷಕ್ಕೊಂದು ದಿನ ಬಹುಮಾನಕ್ಕಾಗಿ ಕೆಲವರು ಬರೆಯುವದು, ವಾರವಾರವೂ ಎಲ್ಲರೂ ಬರೆಯುವದಕ್ಕೆ ಸಮವಾಗಲಾರದು. ಎಲ್ಲರೂ ಚಿತ್ರಗಾರ್ತಿಯರಾಗಬೇಕೆಂದು ನಾನು ಹೇಳುವದಿಲ್ಲ. ಓದು ಕಲಿತವರೆಲ್ಲರೂ ಕವಿಗಳಾಗುವರೇ? ಆದರೂ ಓದನ್ನು ಎಲ್ಲರಿಗೂ ಕಲಿಸುತ್ತೇವೆ.

ಗುಡಾರದ ಕೆಲಸಕ್ಕಾಗಿ ದೇವರು ಬೆಚಲೇಲನನ್ನು ಹೆಸರುಗೊಂಡು ಕರೆದು, ಕುಶಲತೆಯನ್ನು ತನ್ನ ಆತ್ಮನ ವರವಾಗಿ ದಯಪಾಲಿಸಿದನೆಂಬುದನ್ನು ವಿಮೋಚನಕಾಂಡದಲ್ಲಿ ಓದುತ್ತೇವೆ. ಅದೇ ಪುಸ್ತಕದಲ್ಲಿ ಬಣ್ಣದ ನೂಲನ್ನು ನೂತು ತಂದ ಸ್ತ್ರೀಯರ ಜಾಣತನವೂ ಬರೆದಿಡಲ್ಪಟ್ಟಿದೆ. ದೇವರು ಲೆಕ್ಕಕ್ಕೆ ತೆಗೆದುಕೊಂಡದ್ದನ್ನು ನಾವು ಲೆಕ್ಕಕ್ಕಿಲ್ಲವೆನ್ನಬಾರದು.

ಆದಕಾರಣ ನನ್ನ ಬಿನ್ನಹಗಳು ಮೂರು. ಪಾಲಕರು ಹತ್ತನೆಯ ಇಯತ್ತೆಯಲ್ಲಿಯೂ ಚಿತ್ರದ ತಾಸನ್ನು ಉಳಿಸಿರೆಂದು ತಾವೇ ಶಾಲೆಯನ್ನು ಕೇಳಬೇಕು. ಕಸೂತಿ, ಕೌದಿಗಳನ್ನು ಬಲ್ಲ ಹಳೆಯ ವಿದ್ಯಾರ್ಥಿನಿಯರು ವರುಷಕ್ಕೆ ಕೆಲವು ದಿನಗಳಾದರೂ ಬಂದು ಕಲಿಸಬೇಕು. ಸ್ನೇಹಸಮ್ಮೇಳನದಲ್ಲಿ ಬಹುಮಾನ ಪಡೆದ ಚಿತ್ರಗಳನ್ನಷ್ಟೇ ಅಲ್ಲ, ಪ್ರತಿಯೊಬ್ಬಳ ಒಂದೊಂದು ಚಿತ್ರವನ್ನಾದರೂ ಗೋಡೆಗೆ ತೂಗುಹಾಕಬೇಕು. ಆ ದಿನ ತಾಯಿಯೊಬ್ಬಳು ಗೋಡೆಯ ಮುಂದೆ ನಿಂತು, “ಇದು ನಮ್ಮ ಮಗಳು ಕಂಡದ್ದು” ಎಂದು ಹೇಳಿದರೆ, ಆ ತಾಸು ವ್ಯರ್ಥವಾಗಲಿಲ್ಲವೆಂದು ತಿಳಿಯೋಣ.