ಗಿಟಾರ್ ನಮ್ಮದಲ್ಲ ಅಂತೀರಿ, ಹಾಗಾದರೆ ಪರೆ ಯಾರದು?

"ಪತ್ರಕರ್ತ ಅಂತೀಯ, ಡಿಪ್ಲೊಮಾ ಮಾಡಿದ್ದೀಯ, ಮಗು ಸ್ಕೂಲಿಗೆ ಹೋಗ್ತಾ ಇದೆ. ಈಗ ಈ ಕರೆಂಟ್ ಗಿಟಾರ್ ಬೇಕಿತ್ತೇನೋ? ನಮ್ಮ ಕೊಡಗಿನ ಸಂಸ್ಕೃತಿಗೂ ಅದಕ್ಕೂ ಏನು ಸಂಬಂಧ?"

ಹೋದ ಮದುವೆ ಸೀಸನ್ನಿನಲ್ಲಿ ಒಬ್ಬ ಹಿರಿಯರು ಹತ್ತು ಜನರ ಎದುರು ನನ್ನನ್ನು ಹೀಗೆ ಕೇಳಿದರು. ನಾನು ನಕ್ಕು ಸುಮ್ಮನಾದೆ. ತೋಟ ಇರುವವರ ಎದುರು ಸುಮ್ಮನಿರುವುದು ನಮಗೆ ಅಭ್ಯಾಸವಾಗಿದೆ. ಆದರೆ ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಅಲ್ಲಿ ಕೊಡದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಮದುವೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಬೆಳಿಗ್ಗೆಯಿಂದ ವಾಲಗ ಇತ್ತು. ನನ್ನ ಸೋದರಮಾವ ಆ ತಂಡದಲ್ಲಿ ಪರೆಯವರು. ನಮ್ಮದು ಬಿದಿರಿನ ಬುಟ್ಟಿ ಹೆಣೆದು, ಮದುವೆಗೂ ಸಾವಿಗೂ ಪರೆ ಹಿಡಿದುಕೊಂಡು ಬಂದ ಮನೆತನ. ವಾಲಗ ಶುರುವಾದರೆ ಕೊಡಗಿನಲ್ಲಿ ಯಾರ ಕಾಲೂ ನಿಲ್ಲುವುದಿಲ್ಲ ಎಂದು ನಿಮಗೆ ಗೊತ್ತು. ಅಂದೂ ನಿಲ್ಲಲಿಲ್ಲ. ನನ್ನನ್ನು ಪ್ರಶ್ನೆ ಕೇಳಿದ ಹಿರಿಯರೂ ಕುಣಿದರು. ಕುಣಿಯುತ್ತಲೇ ಮಾವನ ಕಡೆ ತಿರುಗಿ, "ಏ ಪರೆ, ಜೋರಾಗಿ ಬಡಿಯೋ" ಎಂದರು. ಮಾವನಿಗೆ 61 ವರ್ಷ. ಅವರಿಗೊಂದು ಹೆಸರಿದೆ.

ಸಂಜೆ ಮೈಸೂರಿನಿಂದ ಬ್ಯಾಂಡ್ ಬಂತು. ಎಲೆಕ್ಟ್ರಿಕ್ ಗಿಟಾರ್ ನುಡಿಸುವ ಹುಡುಗನಿಗೆ 24 ವರ್ಷ ಇರಬಹುದು. ಅವನಿಗೆ ಒಂದು ರೂಮು, ಟೇಬಲ್ಲಿಗೇ ಊಟ, ಎಲ್ಲರ ಬಾಯಲ್ಲೂ "ಸರ್". ವಾಲಗದವರು ಅಡುಗೆಮನೆ ಹಿಂದಿನ ನೀರಿನ ಟ್ಯಾಂಕಿನ ಪಕ್ಕ ಕೂತು, ಕೊನೆಯ ಪಂಕ್ತಿ ಮುಗಿದ ಮೇಲೆ ಉಂಡರು. ಮಾವನಿಗೆ ಎರಡು ದಿನಕ್ಕೆ ಸಿಕ್ಕಿದ್ದರ ನಾಲ್ಕು ಪಟ್ಟು ಆ ಹುಡುಗನಿಗೆ ಒಂದೇ ಸಂಜೆಗೆ ಸಿಕ್ಕಿತು. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಚೆನ್ನಾಗಿ ನುಡಿಸಿದ, ದುಡಿದು ತೆಗೆದುಕೊಂಡ.

ಎಲ್ಲ ಮನೆಗಳೂ ಹೀಗಿಲ್ಲ. ವಾಲಗದವರನ್ನು ಒಳಗೆ ಕರೆದು, ಮೊದಲ ಪಂಕ್ತಿಯಲ್ಲಿ ಕೂರಿಸಿ ಉಣಿಸುವ ಮನೆಗಳನ್ನೂ ನಾನು ನೋಡಿದ್ದೇನೆ. ಅಂಥ ಮನೆಯವರು ಈ ಬರಹವನ್ನು ತಮಗೆ ಹೇಳಿದ್ದು ಎಂದುಕೊಳ್ಳಬೇಡಿ. ಉಳಿದವರು ಅಂದುಕೊಳ್ಳಿ.

ಈಗ "ಗಿಟಾರ್ ನಮ್ಮದಲ್ಲ" ಎಂಬ ಮಾತಿಗೆ ಬರೋಣ.

ಪಿಟೀಲು ನಮ್ಮದಾ? ಅದು ಯುರೋಪಿನಿಂದ ಬಂದದ್ದು. ಸುಮಾರು ಇನ್ನೂರು ವರ್ಷಗಳ ಹಿಂದೆ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ಕರ್ನಾಟಕ ಸಂಗೀತಕ್ಕೆ ತಂದರು. ಈಗ ಪಿಟೀಲಿಲ್ಲದೆ ಕಛೇರಿಯೇ ಇಲ್ಲ. ನಮ್ಮ ಪಕ್ಕದ ಮೈಸೂರು ಸೀಮೆಯ ತಿರುಮಕೂಡಲಿನ ಟಿ. ಚೌಡಯ್ಯನವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಸಭಾಂಗಣ ಕಟ್ಟಿದ್ದಾರೆ.

ಹಾರ್ಮೋನಿಯಂ ನಮ್ಮದಾ? ನಮ್ಮ ಸಂಗೀತಕ್ಕೆ ಅದು ಹೊಂದುವುದಿಲ್ಲ ಎಂದು ಆಕಾಶವಾಣಿ 1940ರಲ್ಲಿ ಅದನ್ನು ನಿಷೇಧಿಸಿತ್ತು. ಮೂವತ್ತು ವರ್ಷ ಆ ನಿಷೇಧ ನಡೆಯಿತು. ಅಷ್ಟೂ ವರ್ಷ ನಮ್ಮ ಕಂಪನಿ ನಾಟಕದವರು, ಭಜನೆಯವರು ಪೆಟ್ಟಿಗೆ ಬಾರಿಸುತ್ತಲೇ ಇದ್ದರು. ರೇಡಿಯೊದವರ ಅಪ್ಪಣೆಗೆ ಯಾರೂ ಕಾಯಲಿಲ್ಲ.

ಸ್ಯಾಕ್ಸೊಫೋನ್ ನಮ್ಮದಾ? ಬೆಲ್ಜಿಯಂ ದೇಶದ ಅಡೋಲ್ಫ್ ಸ್ಯಾಕ್ಸ್ 1840ರ ದಶಕದಲ್ಲಿ ಮಾಡಿದ ವಾದ್ಯ ಅದು. ಮಿಲಿಟರಿ ಬ್ಯಾಂಡಿನವರು ಊದುತ್ತಿದ್ದರು. ನಮ್ಮ ಪಕ್ಕದ ಜಿಲ್ಲೆಯ ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದನ್ನು ನೋಡಿ ಮನಸೋತು, ಹಠ ಹಿಡಿದು, ಅದರಲ್ಲಿ ತ್ಯಾಗರಾಜರ ಕೃತಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. ಈಗ ಮಂಗಳೂರು ಕಡೆ ದೇವಸ್ಥಾನದ ಉತ್ಸವದಲ್ಲಿ, ಮದುವೆ ಮನೆಯಲ್ಲಿ ಸ್ಯಾಕ್ಸೊಫೋನ್ ಕೇಳಿದರೆ ಅದು ವಿದೇಶಿ ಎಂದು ಯಾರೂ ಕಿವಿ ಮುಚ್ಚುವುದಿಲ್ಲ. "ಕರೆಂಟ್ ವಾದ್ಯ" ಎಂದು ಮೂಗು ಮುರಿಯುವವರಿಗೂ ಒಂದು ಉದಾಹರಣೆ ಇದೆ. ಆಂಧ್ರದ ಯು. ಶ್ರೀನಿವಾಸ್ ಚಿಕ್ಕ ಹುಡುಗನಾಗಿದ್ದಾಗಲೇ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು ದೊಡ್ಡ ದೊಡ್ಡ ವಿದ್ವಾಂಸರನ್ನು ಬೆರಗು ಮಾಡಿದವರು.

ಎಲೆಕ್ಟ್ರಿಕ್ ಗಿಟಾರ್ ಹುಟ್ಟಿದ್ದು ಯಾಕೆ ಎಂಬುದನ್ನೂ ಕೇಳಿ. ಅಮೆರಿಕದಲ್ಲಿ ದೊಡ್ಡ ದೊಡ್ಡ ಬ್ಯಾಂಡ್ ಬಂದಾಗ ಕಹಳೆ, ಡ್ರಮ್ಮಿನ ನಡುವೆ ಮರದ ಗಿಟಾರಿನ ಸದ್ದು ಯಾರಿಗೂ ಕೇಳುತ್ತಿರಲಿಲ್ಲ. 1931ರ ಹೊತ್ತಿಗೆ ಜಾರ್ಜ್ ಬೀಚಮ್ ಎಂಬ ಕಲಾವಿದ, ರಿಕನ್‌ಬ್ಯಾಕರ್ ಎಂಬ ತಯಾರಕನ ಜೊತೆ ಸೇರಿ ತಂತಿಯ ಸುತ್ತ ಅಯಸ್ಕಾಂತ ಇಟ್ಟು, ತಾಮ್ರದ ವೈರು ಸುತ್ತಿ ಹೊಸ ಗಿಟಾರ್ ಮಾಡಿದ. ಅದು ನೋಡಲು ಬಾಣಲೆಯ ಹಾಗಿತ್ತು. ಜನ ಇಟ್ಟ ಅಡ್ಡಹೆಸರೂ "ಫ್ರೈಯಿಂಗ್ ಪ್ಯಾನ್" ಎಂದೇ. ಉಕ್ಕಿನ ತಂತಿ ಅಲುಗಿದಾಗ ವೈರಿನಲ್ಲಿ ಚೂರು ಕರೆಂಟ್ ಹುಟ್ಟುತ್ತದೆ. ಸೈಕಲ್ ಡೈನಮೋ ಕೆಲಸ ಮಾಡುವುದೂ ಇದೇ ತತ್ವದಲ್ಲಿ. ಆ ಚೂರನ್ನು ಆಂಪ್ಲಿಫೈಯರ್ ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುತ್ತದೆ.

ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಯನ್ನು ಏಳು ಮಾಡಿದ್ದೂ ಇದಕ್ಕೇ. ಮೈಕು ಸರಿಯಾಗಿ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವನಿಗೂ ಕೇಳಲಿ ಎಂದು. ಮೈಸೂರಾಗಲಿ ಅಮೆರಿಕವಾಗಲಿ, ನುಡಿಸುವವನ ಆಸೆ ಒಂದೇ. ನನ್ನದು ಹಿಂದೆ ಕೂತವನಿಗೂ ಮುಟ್ಟಲಿ ಎಂಬುದು.

ವಾದ್ಯ ಎಲ್ಲಿ ಹುಟ್ಟಿತು ಎಂದು ನೋಡಿ ಅದು ಯಾರದೆಂದು ತೀರ್ಮಾನ ಮಾಡಲಾಗದು. ಅದನ್ನು ಹಿಡಿದು ಯಾರು ಬೆರಳು ಸವೆಸಿದರು, ಯಾರ ಮುಂದೆ ನುಡಿಸಿದರು ಎಂಬುದನ್ನು ನೋಡಬೇಕು.

ಬೆರಳು ಸವೆದ ಕತೆ ನನ್ನದೂ ಇದೆ. 32ನೇ ವಯಸ್ಸಿನಲ್ಲಿ 6,500 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ಗಿಟಾರ್ ತಂದೆ. ಜೊತೆಗೆ 10 ವ್ಯಾಟಿನ ಪುಟ್ಟ ಆಂಪ್. ನಾನು ಸುದ್ದಿಗೆ ಇಷ್ಟು ಎಂದು ದುಡ್ಡು ಪಡೆಯುವ ಸ್ಟ್ರಿಂಗರ್. ಆ ಹಣ ಕೂಡಿಸಲು ಏಳು ತಿಂಗಳು ಬೇಕಾಯಿತು. ಮೊದಲ ತಿಂಗಳು ಎಡಗೈ ಬೆರಳ ತುದಿ ಉರಿದು ಮೊಬೈಲಿನಲ್ಲಿ ಸುದ್ದಿ ಟೈಪ್ ಮಾಡುವುದೂ ಕಷ್ಟವಾಯಿತು. ಆಮೇಲೆ ಚರ್ಮ ದಡ್ಡುಗಟ್ಟಿತು. ಕಕ್ಕಡದ ಮಳೆಯಲ್ಲಿ ತಂತಿಗೆ ತುಕ್ಕು ಹಿಡಿಯಿತು. ನುಡಿಸಿದ ಮೇಲೆ ಪ್ರತಿ ಸಲ ಒಣಬಟ್ಟೆಯಲ್ಲಿ ಒರೆಸಬೇಕು ಎಂದು ತಂತಿ ಕಳೆದುಕೊಂಡ ಮೇಲೆ ತಿಳಿಯಿತು. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಆಗಲೂ ಅಭ್ಯಾಸ ನಿಲ್ಲಬೇಕಿಲ್ಲ. ಆಂಪ್ ಇಲ್ಲದಿದ್ದರೆ ಈ ಗಿಟಾರಿನ ಸದ್ದು ಪಕ್ಕದ ಕೋಣೆಗೂ ಹೋಗುವುದಿಲ್ಲ. ಮಗು ಮಲಗಿದ ಮೇಲೆ ಕತ್ತಲಲ್ಲಿ ಕೂತು ಕಲಿತದ್ದೇ ಹೆಚ್ಚು.

ಒಂದು ಎಚ್ಚರಿಕೆಯ ಮಾತು, ಮನೆಯಲ್ಲಿ ಇಂಥ ಗಿಟಾರ್ ಇರುವವರಿಗೆ. ನನ್ನ ಆಂಪ್ ಸದಾ "ಗುಂಯ್" ಎನ್ನುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಮನೆಗೆ ಅರ್ಥಿಂಗೇ ಇಲ್ಲ. ಪ್ಲಗ್ಗಿನ ಮೂರನೇ ತೂತಿಗೆ ವೈರೇ ಹೋಗಿರಲಿಲ್ಲ. ಗುಂಡಿ ತೋಡಿಸಿ, ಇದ್ದಿಲು, ಉಪ್ಪು ಹಾಕಿ ಅರ್ಥಿಂಗ್ ಮಾಡಿಸಿದ ಮೇಲೆ ಸದ್ದು ಕಡಿಮೆಯಾಯಿತು. ಅರ್ಥಿಂಗ್ ಇಲ್ಲದ ಮನೆಯಲ್ಲಿ ಲೋಹದ ತಂತಿ ಹಿಡಿದು ಕೂರುವುದು ಜೀವಕ್ಕೆ ಅಪಾಯ. ಮೊದಲು ಅದನ್ನು ನೋಡಿಸಿ, ಆಮೇಲೆ ಗಿಟಾರ್ ಹಿಡಿಯಿರಿ.

ಇಷ್ಟೆಲ್ಲ ಮಾಡಿದರೂ ನನಗೆ ತಾಳ ನಿಲ್ಲುತ್ತಿರಲಿಲ್ಲ. ಬೆರಳು ಸರಿಯಾದ ಜಾಗಕ್ಕೆ ಹೋಗುತ್ತಿತ್ತು, ಹೊತ್ತಿಗೆ ಸರಿಯಾಗಿ ಹೋಗುತ್ತಿರಲಿಲ್ಲ. ಯೂಟ್ಯೂಬಿನವರು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತಾರೆ. ಎಣಿಸಿದಷ್ಟೂ ನನ್ನ ಕೈ ಬಿಗಿಯಾಗುತ್ತಿತ್ತು.

ಒಂದು ಭಾನುವಾರ ಮಾವ ಮನೆಗೆ ಬಂದಿದ್ದರು. ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ ಸ್ವಲ್ಪ ಹೊತ್ತು ಕೇಳಿದರು. ಆಮೇಲೆ, "ಅಳಿಯಾ, ನೀನು ಲೆಕ್ಕ ಮಾಡ್ತಾ ಇದ್ದೀಯ. ಲೆಕ್ಕ ಬಿಡು, ಕಾಲು ನೋಡು" ಎಂದರು. ಬೆಂಚಿನ ಮೇಲೆ ಎರಡು ಕೈಯಲ್ಲೂ ವಾಲಗದ ಪೆಟ್ಟು ಹಾಕಿದರು. ನನ್ನ ಕಾಲು ತಾನಾಗಿ ಎದ್ದಿತು. ಕಾಲು ಎದ್ದಲ್ಲಿ ಬಲಗೈ ಇಳಿಸು ಎಂದರು. ಇಳಿಸಿದೆ. ಆರು ತಿಂಗಳು ಮೊಬೈಲ್ ನೋಡಿ ಬಾರದ್ದು ಆ ಮಧ್ಯಾಹ್ನ ಬಂತು.

ನನಗೆ ಖುಷಿಯಾಗಬೇಕಿತ್ತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಅದರ ಕಾರಣ ಹೇಳದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮಾವ ಪರೆ ಕಲಿಸುತ್ತೇನೆ ಎಂದು ಕರೆದಿದ್ದರು. ನಾನು ಹೋಗಲಿಲ್ಲ. ಡಿಪ್ಲೊಮಾ ಓದುವಾಗ ಮಾವ ಏನು ಕೆಲಸ ಮಾಡುತ್ತಾರೆ ಎಂದು ಕೇಳಿದವರಿಗೆ "ತೋಟದ ಕೆಲಸ" ಎಂದಿದ್ದೆ. ಪರೆ ಹೆಗಲಿಗೆ ಹಾಕಿದರೆ "ಏ ಬಾರೋ", ಗಿಟಾರ್ ಹೆಗಲಿಗೆ ಹಾಕಿದರೆ "ಆರ್ಟಿಸ್ಟ್". ಇದು ನನಗೆ ಆಗಲೇ ಗೊತ್ತಿತ್ತು. ಗಿಟಾರ್ ಕೊಳ್ಳಲು ಏಳು ತಿಂಗಳು ದುಡ್ಡು ಕೂಡಿಸಿದ್ದು ಬರೀ ಸಂಗೀತದ ಆಸೆಗಲ್ಲ. ಮಾವನಿಗೆ ಸಿಗದ ಮರ್ಯಾದೆ ನನಗಾದರೂ ಸಿಗಲಿ ಎಂಬ ಆಸೆಯೂ ಇತ್ತು. ಆ ಹಿರಿಯರನ್ನು ಬೈಯುವ ಮೊದಲು ನನ್ನನ್ನೂ ಅದೇ ಸಾಲಿನಲ್ಲಿ ನಿಲ್ಲಿಸಿಕೊಳ್ಳಬೇಕು.

ನಮ್ಮ ಮಾತಿನಲ್ಲೇ ನೋಡಿ. ವೀಣೆ ನುಡಿಸುತ್ತಾರೆ, ಗಿಟಾರ್ ನುಡಿಸುತ್ತಾರೆ, ಪರೆಯನ್ನು ಮಾತ್ರ ಬಡಿಯುತ್ತಾರೆ. ನಾನೂ ಇಷ್ಟು ವರ್ಷ ಹಾಗೆಯೇ ಬರೆದಿದ್ದೇನೆ.

ಕೊಡಗಿನಲ್ಲಿ ದುಡಿಗೆ ಗೌರವ ಇದೆ. ಕೊಡವರು ತಾವೇ ದುಡಿ ಹಿಡಿದು, ನಾಲ್ಕು ಜನ ಸೇರಿ ಹಾಡುತ್ತಾರೆ. ಆ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಊರೂರು ಸುತ್ತಿ ಸಂಗ್ರಹಿಸಿ, 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂದು ಅಚ್ಚು ಹಾಕಿಸಿದರು. ನೂರು ವರ್ಷ ದಾಟಿದರೂ ಆ ಹಾಡುಗಳು ಉಳಿದಿವೆ. ಅದು ದೊಡ್ಡ ಕೆಲಸ. ಆದರೆ ಪರೆ, ವಾಲಗವನ್ನು ಮೇದರಿಗೆ, ಕೆಂಬಟ್ಟಿಯವರಿಗೆ ಬಿಟ್ಟು, ಅವರನ್ನು ಅಂಗಳದಾಚೆ ನಿಲ್ಲಿಸಿದೆವು. ಮಾವನ ಕೈಯಲ್ಲಿರುವ ಪೆಟ್ಟುಗಳು ಮಾವನ ಕೈಯಲ್ಲೇ ಇವೆ. ಅವರ ನಂತರ ಎಲ್ಲಿರುತ್ತವೆ?

ಮಾವನ ಮಗ ಪಿಕಪ್ ಓಡಿಸುತ್ತಾನೆ. ಪರೆ ಮುಟ್ಟುವುದಿಲ್ಲ. ಅವನನ್ನು ಕೇಳಿದೆ. "ಪಿಕಪ್ ಓಡಿಸಿದ್ರೆ ಡ್ರೈವರಣ್ಣ ಅಂತಾರೆ" ಎಂದ. ಅವನ ಕೈಯಿಂದ ಪರೆ ಕಿತ್ತುಕೊಂಡದ್ದು ಗಿಟಾರ್ ಅಲ್ಲ, ಡಿಜೆಯೂ ಅಲ್ಲ. ಹಾಲ್‌ನಲ್ಲಿ ಡಿಜೆ ಹಾಕಲು ವಾಲಗ ನಿಲ್ಲಿಸಿ ಎಂದು ಹೇಳುವ ಬಾಯಿ ಯಾವ ವಾದ್ಯದ್ದೂ ಅಲ್ಲ. ಅದು ಮನೆಯವರದು. ಸಂಸ್ಕೃತಿ ಹಾಳಾಯಿತು ಎಂದು ಮಾರನೇ ದಿನ ಹೇಳುವುದೂ ಅದೇ ಬಾಯಿ.

ಬರೀ ಬೈದು ಮುಗಿಸುವುದಿಲ್ಲ. ಮಾಡಬಹುದಾದ ನಾಲ್ಕು ಕೆಲಸ ಹೇಳುತ್ತೇನೆ. ಯಾವುದಕ್ಕೂ ಸರ್ಕಾರದ ಅನುದಾನ ಬೇಡ.

ಒಂದು, ಮದುವೆಗೆ ವಾಲಗ ಹೇಳುವಾಗ ಬ್ಯಾಂಡಿನವರಿಗೆ ಮಾಡುವ ಹಾಗೆ ದರ ಮೊದಲೇ ಮಾತಾಡಿ, ಮುಂಗಡ ಕೊಡಿ. ಮುಗಿದ ಮೇಲೆ "ಖುಷಿಯಾದಷ್ಟು" ಕೊಡುವುದು ಬೇಡ.

ಎರಡು, ನುಡಿಸುವವರನ್ನು ನಿಮ್ಮ ಜೊತೆಯ ಪಂಕ್ತಿಯಲ್ಲೇ ಕೂರಿಸಿ. ನಿಮ್ಮ ಕಾಲು ಕುಣಿಸಿದವನ ಎಲೆ ನಿಮ್ಮ ಎಲೆಯ ಪಕ್ಕ ಇದ್ದರೆ ಏನೂ ಆಗುವುದಿಲ್ಲ.

ಮೂರು, ಹೆಸರು ಹಿಡಿದು ಕರೆಯಿರಿ. ದೊಡ್ಡವರಾದರೆ ಅಣ್ಣ ಅನ್ನಿ.

ನಾಲ್ಕು, ನಿಮ್ಮ ಊರಿನ ಶಾಲೆಯಲ್ಲೋ ಸಂಘದ ಕಟ್ಟಡದಲ್ಲೋ ಶನಿವಾರ ಮಧ್ಯಾಹ್ನ ಒಂದು ಗಂಟೆ ಪರೆ ಕಲಿಸಲು ಒಬ್ಬರನ್ನು ಕರೆಯಿರಿ, ಸಂಬಳ ಕೊಟ್ಟು. ಎಲ್ಲ ಜಾತಿಯ ಮಕ್ಕಳೂ ಕಲಿಯಲಿ, ಹೆಣ್ಣುಮಕ್ಕಳೂ ಕಲಿಯಲಿ. ಅದೇ ಕೋಣೆಯಲ್ಲಿ ಗಿಟಾರ್ ಕಲಿಯುವವರೂ ಕೂರಲಿ. ತಾಳ ಬರದೆ ಒದ್ದಾಡುವ ನನ್ನಂಥವರಿಗೆ ಆಗ ಆರು ತಿಂಗಳು ಉಳಿಯುತ್ತದೆ.

ಇನ್ನು ನನ್ನ ವಯಸ್ಸಿನವರಿಗೆ ಒಂದು ಮಾತು. ಮದುವೆಯಾಗಿದೆ, ಮಕ್ಕಳಿದ್ದಾರೆ, ಈಗ ಯಾಕೆ ಎಂದು ಯಾರಾದರೂ ಕೇಳಿದರೆ ನಿಲ್ಲಿಸಬೇಡಿ. ವಾದ್ಯ ಕಲಿಯಲು ವಯಸ್ಸಿನ ಮಿತಿ ಹಾಕಿದವರು ಯಾರೂ ಇಲ್ಲ. ಕಂತಿನಲ್ಲಿ ದುಬಾರಿ ಗಿಟಾರ್ ತಂದು ಗೋಡೆಗೆ ನೇತು ಹಾಕುವುದಕ್ಕಿಂತ ಹಳೆಯದೊಂದನ್ನು ತಂದು ದಿನಕ್ಕೆ ಇಪ್ಪತ್ತು ನಿಮಿಷ ಹಿಡಿಯುವುದು ವಾಸಿ.

ಈಗ ಪ್ರತಿ ಭಾನುವಾರ ನಾನು ಮಾವನ ಮನೆಗೆ ಹೋಗುತ್ತೇನೆ. ಒಂದು ಗಂಟೆ ಪರೆ, ಆಮೇಲೆ ಒಂದು ಗಂಟೆ ಗಿಟಾರ್. ಪರೆಯಲ್ಲಿ ನಾನಿನ್ನೂ ಎಳೆಗೂಸು. ಏಳನೇ ಕ್ಲಾಸಿನಲ್ಲೇ ಹೋಗಿದ್ದರೆ ಇಷ್ಟು ಹೊತ್ತಿಗೆ ಕೈ ಪಳಗಿರುತ್ತಿತ್ತು. ಈ ಸಲದ ಹುತ್ತರಿಗೆ ಮಾವನ ಅಂಗಳದಲ್ಲಿ ಇಬ್ಬರೂ ಸೇರಿ ನುಡಿಸುತ್ತೇವೆ. ಅವರು ಪರೆ, ನಾನು ಗಿಟಾರ್. ನನ್ನನ್ನು ಪ್ರಶ್ನೆ ಕೇಳಿದ ಹಿರಿಯರನ್ನೂ ಕರೆಯುತ್ತೇನೆ. ಬಂದರೆ ಮಾವನ ಪಕ್ಕದಲ್ಲೇ ಕುರ್ಚಿ ಹಾಕುತ್ತೇವೆ. ಊಟಕ್ಕೂ ಅಲ್ಲೇ.