‘ಇಲ್ಲ’ ಬೇರೆ, ‘ಸಿಗಲಿಲ್ಲ’ ಬೇರೆ

ಜೀವಶಾಸ್ತ್ರದ ಪುಸ್ತಕವನ್ನು ಪಿಯುಸಿಯಲ್ಲೇ ಮುಚ್ಚಿಟ್ಟವನು ನಾನು. ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ. ಪುಣೆಗೆ ಬಂದ ಮೇಲೆ ಸಿಕ್ಕಿದ ಕೆಲಸ ಮಾತ್ರ ಬೇರೆ ಬೇರೆ ಪ್ರಾಣಿಗಳ ಜೀನ್‌ಗಳನ್ನು ಹೋಲಿಸುವ ಪ್ರೋಗ್ರಾಂ ಬರೆಯುವುದು.

ಕಳೆದ ವರ್ಷ ಅದರಲ್ಲೊಂದು ಫಿಲ್ಟರ್ ಹಾಕಿದ್ದೆ. ಭ್ರೂಣದ ಬೆಳವಣಿಗೆಗೆ ಬೇಕೇ ಬೇಕು ಎನ್ನುವ ಜೀನ್ ಯಾವ ಪ್ರಾಣಿಯಲ್ಲಿ ಕಾಣುವುದಿಲ್ಲವೋ, ಅದರ ದತ್ತಾಂಶ ಅಪೂರ್ಣ ಎಂದು ಪಟ್ಟಿಯಿಂದ ಕೈಬಿಡುವ ಫಿಲ್ಟರ್. ಹಾಗೆ ಹೊರಬಿದ್ದವುಗಳಲ್ಲಿ ಆಕ್ಸೊಲಾಟ್ಲ್ ಕೂಡ ಇತ್ತು. ಮೆಕ್ಸಿಕೊದ ಈ ಸಾಲಮ್ಯಾಂಡರ್ ಕಾಲು ತುಂಡಾದರೆ ಮತ್ತೆ ಬೆಳೆಸಿಕೊಳ್ಳುತ್ತದೆ. ಅದರಲ್ಲಿ ಪ್ಯಾಕ್ಸ್3 ಜೀನ್ ಸಿಕ್ಕಿರಲಿಲ್ಲ.

ತಪ್ಪು ನನ್ನದೇ. ಇದರ ಜೀನೋಮ್ 2018ರಲ್ಲೇ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಸುಮಾರು 3,200 ಕೋಟಿ ಅಕ್ಷರ, ಅಂದರೆ ನಮ್ಮದರ ಹತ್ತು ಪಟ್ಟು. ಬಹುಪಾಲು ಮತ್ತೆ ಮತ್ತೆ ಬರುವ ಸಾಲುಗಳೇ ಆದ್ದರಿಂದ ಚೂರುಗಳನ್ನು ಜೋಡಿಸುವುದೇ ದೊಡ್ಡ ತಲೆನೋವು. ಜೀನ್ ಕಾಣದಿದ್ದರೆ ಜೋಡಣೆಯ ಮೇಲೆ ಅನುಮಾನ ಬರುವುದು ಸಹಜ. ಆದರೆ ಪ್ಯಾಕ್ಸ್3 ಅದರಲ್ಲಿ ನಿಜಕ್ಕೂ ಇಲ್ಲ!

ಈ ಜೀನ್‌ನ ಎರಡೂ ಪ್ರತಿ ಕೆಟ್ಟರೆ ಇಲಿಯ ಭ್ರೂಣ ಹುಟ್ಟುವ ಮೊದಲೇ ಸಾಯುತ್ತದೆ. ಮನುಷ್ಯರಲ್ಲಿ ಒಂದು ಪ್ರತಿ ಕೆಟ್ಟರೂ ಸಾಕು, ವಾರ್ಡನ್‌ಬರ್ಗ್ ಸಿಂಡ್ರೋಮ್ ಬರಬಹುದು. ಕೆಲವರಿಗೆ ಕಿವಿ ಕೇಳಿಸದು, ಹಣೆಯ ಮೇಲಿನ ಕೂದಲು ಬೆಳ್ಳಗಾಗುತ್ತದೆ. ಹಾಗಿದ್ದರೆ ಆಕ್ಸೊಲಾಟ್ಲ್ ಬದುಕಿರುವುದು ಹೇಗೆ? ಸೋದರ ಜೀನ್ ಪ್ಯಾಕ್ಸ್7 ಆ ಕೆಲಸವನ್ನೂ ವಹಿಸಿಕೊಂಡಂತಿದೆ. ಅದನ್ನು ಕೆಡಿಸಿ ನೋಡಿದಾಗ, ಪ್ಯಾಕ್ಸ್3 ಕೆಟ್ಟ ಇಲಿಗಳಲ್ಲಿ ಕಾಣುವಂಥ ದೋಷಗಳೂ ಕಂಡವು. ಇಲಿಯೊಂದನ್ನೇ ನೋಡುತ್ತಾ ಕೂತಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ನನ್ನ ಫಿಲ್ಟರ್ ಅಳಿಸಿದ್ದು ಇದೇ ಸಂಗತಿಯನ್ನು.

ಖಾಲಿ ಕಾಲಂ ಕಂಡರೆ ಇಡೀ ಸಾಲನ್ನೇ ತೆಗೆದುಹಾಕುವುದು ನಮ್ಮ ವೃತ್ತಿಯ ಚಟ. (ಸರ್‌ನೇಮ್ ಕಾಲಂ ಖಾಲಿ ಬಿಟ್ಟರೆ ಫಾರ್ಮ್ ಮುಂದಕ್ಕೇ ಹೋಗದ ಅನುಭವ ಹಳೇ ಮೈಸೂರು ಕಡೆಯಿಂದ ಬಂದ, ಇನಿಷಿಯಲ್ ಮಾತ್ರ ಇರುವ ನಮಗೆಲ್ಲ ಇದ್ದೇ ಇದೆ. ಆ ಫಾರ್ಮ್ ಬರೆದವನನ್ನು ಬೈದುಕೊಂಡ ನಾನೇ ಇಲ್ಲಿ ಅದನ್ನೇ ಮಾಡಿದ್ದೆ.) ‘ಇಲ್ಲ’ ಮತ್ತು ‘ಸಿಗಲಿಲ್ಲ’ ಎಂಬ ಎರಡು ಕಾಲಂಗಳನ್ನು ಬೇರೆಬೇರೆಯಾಗಿ ಇಡದ ಯಾವ ಪ್ರೋಗ್ರಾಂ ಕೂಡ ಇಂಥ ಹೋಲಿಕೆಗೆ ಲಾಯಕ್ಕಲ್ಲ ಎಂಬುದು ನನ್ನ ಅಭಿಪ್ರಾಯ. ‘ಇಲ್ಲ’ ಎಂದು ಬರೆಯುವ ಮುಂಚೆ ಆ ಜೀನ್‌ನ ಅಕ್ಕಪಕ್ಕದ ಜೀನ್‌ಗಳು ಜಾಗದಲ್ಲಿವೆಯೇ, ಇನ್ನೊಂದು ಪ್ರಾಣಿಯ ಮಾದರಿಯಲ್ಲೂ ಅದು ಕಾಣೆಯೇ ಎಂದು ನೋಡಬೇಕು. ಸಮಯ ಹಿಡಿಯುತ್ತದೆ ಎಂದು ಮೀಟಿಂಗ್‌ನಲ್ಲಿ ಗೊಣಗಾಟವೂ ಆಯಿತು.

ಫಿಲ್ಟರ್ ತೆಗೆದಿದ್ದೇನೆ. ಆಕ್ಸೊಲಾಟ್ಲ್ ಜೊತೆ ಇನ್ನೂ ಹನ್ನೊಂದು ಜೀವಿಗಳು ಪಟ್ಟಿಗೆ ವಾಪಸ್ ಬಂದಿವೆ. ಈ ವಾರ ಒಂದೊಂದನ್ನೇ ತೆಗೆದು ನೋಡುತ್ತಿದ್ದೇನೆ.